ಬರ ತಡೆಯುವ ಬಾಟಲಿಯೂ ನಮ್ಮ ಗೋದಲಿಯೂ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಕಳೆದ ಮುಂಗಾರಿನಲ್ಲಿ ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಡೇರಿ ಮುಂದೆ ಬರಡು ರಾಸುಗಳ ತಪಾಸಣಾ ಶಿಬಿರ ನಡೆಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ದನಗಳ ಸಾಲು ಕರಗಿತ್ತು. ಕೈ ತೊಳೆಯುತ್ತಿದ್ದಾಗ ಒಬ್ಬ ಅಕ್ಕ ಹತ್ತಿರ ಬಂದು ಸೆರಗಿನಲ್ಲಿ ಸುತ್ತಿಕೊಂಡಿದ್ದ ಒಂದು ಬಾಟಲಿ ತೆಗೆದು ತೋರಿಸಿದರು.

"ಮೇಡಂ, ಇದು ಹಾರ್ಮೋನು ಔಷಧಿಯಂತೆ. ಮೆಕ್ಕೆಜೋಳಕ್ಕೆ ಹೊಡೆದ್ರೆ ಬರ ತಡೀತೈತಂತೆ. ನಮ್ಮನೆಯೋರು ತಂದಾರೆ. ಹೊಡೆದ ಮೇಲೆ ಸಪ್ಪೆ ದನಕ್ಕೆ ಹಾಕಬಹುದಾ?"

ಬಾಟಲಿಯ ಮೇಲೆ ಹಸಿರು ತೆನೆಯ ಚಿತ್ರವಿತ್ತು. ಒಳಗೆ ಏನಿದೆ ಎಂಬುದು ಮಾತ್ರ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು. ಮಾರಿದವರನ್ನು ಇದೇ ಪ್ರಶ್ನೆ ಕೇಳಿದಿರಾ ಎಂದೆ. "ಅಂಗಡಿಗೆ ಹೋದೋರು ಅವರು. ದನಕ್ಕೆ ಹಾಕೋಳು ನಾನು" ಎಂದರು.

ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಬೆಳೆಗೆ ಏನು ಹೊಡೆಯಬೇಕು ಎಂಬುದು ಅಂಗಡಿಯಲ್ಲಿ ತೀರ್ಮಾನವಾಗುತ್ತದೆ. ಆ ಬೆಳೆಯ ಅರ್ಧಪಾಲು ಮುಗಿಯುವುದು ನಿಮ್ಮ ಗೋದಲಿಯಲ್ಲಿ. ಆದರೆ ತೀರ್ಮಾನದ ಹೊತ್ತಿಗೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಇಂಥ ಔಷಧಿಗಳ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ. ಅವು ಕೆಲಸ ಮಾಡುವುದಿಲ್ಲ ಎಂಬುದಲ್ಲ.

ಗೋಧಿಯ ಸುದ್ದಿ ನಮಗೇಕೆ?

ಗಿಡದ ಹಾರ್ಮೋನು ಕೊಟ್ಟು ಬರ ತಾಳುವಂತೆ ಮಾಡುವ ಸಂಶೋಧನೆ ಹೆಚ್ಚು ನಡೆದಿರುವ ಬೆಳೆಗಳಲ್ಲಿ ಗೋಧಿಯೂ ಒಂದು. ನಮ್ಮ ಜಿಲ್ಲೆಯಲ್ಲಿ ಗೋಧಿ ಬಿತ್ತುವವರು ಅಪರೂಪ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿನಲ್ಲಿ ಬೆಳೆಯುತ್ತಾರೆ. ಆದರೂ ಗೋಧಿ ನಮ್ಮ ಕೊಟ್ಟಿಗೆಗೆ ದಿನವೂ ಬರುತ್ತದೆ, ಬೂಸಾ ರೂಪದಲ್ಲಿ. 2022ರ ಮಾರ್ಚಿನಲ್ಲಿ ಉತ್ತರ ಭಾರತದಲ್ಲಿ ಬಿಸಿಲು ಏರಿ ಗೋಧಿ ಕಾಳು ಜೊಳ್ಳಾಯಿತು. ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಎಲ್ಲೋ ಪಂಜಾಬಿನ ಹೊಲ ಒಣಗಿದರೆ ಹರಿಹರದಲ್ಲಿ ಬೂಸಾ ಚೀಲ ಕೊಳ್ಳುವವಳಿಗೂ ಅದರ ಬಿಸಿ ತಟ್ಟುತ್ತದೆ.

ಗೋಧಿಯಲ್ಲಿ ಕಲಿತದ್ದನ್ನೇ ಈಗ ಮೆಕ್ಕೆಜೋಳಕ್ಕೂ, ಜೋಳಕ್ಕೂ, ಭತ್ತಕ್ಕೂ ತರುತ್ತಿದ್ದಾರೆ. ದಾವಣಗೆರೆ ಎಂದರೆ ಮೆಕ್ಕೆಜೋಳ. ಹರಿಹರ ಎಂದರೆ ಭತ್ತ. ನಮ್ಮ ದನಗಳ ಹೊಟ್ಟೆ ತುಂಬುವುದು ಈ ಎರಡರ ಸಪ್ಪೆ ಮತ್ತು ಹುಲ್ಲಿನಿಂದ. ಹಾಗಾಗಿ ಇದು ಕೃಷಿ ಇಲಾಖೆಗೆ ಬಿಟ್ಟ ವಿಷಯ ಎಂದು ಪಶುವೈದ್ಯೆಯಾದ ನಾನು ಸುಮ್ಮನಿರುವಂತಿಲ್ಲ.

ಹಾರ್ಮೋನು ಎಂದರೆ ಸುದ್ದಿ, ಊಟ ಅಲ್ಲ

ಗಿಡಕ್ಕೂ ಹಾರ್ಮೋನುಗಳಿವೆ. ಬೇರಿಗೆ ಮಣ್ಣು ಒಣಗಿದ್ದು ಗೊತ್ತಾದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಎನ್ನುತ್ತಾರೆ. ಈ ಸುದ್ದಿ ತಲುಪಿದ ಕೂಡಲೇ ಅವು ಮುಚ್ಚಿಕೊಳ್ಳುತ್ತವೆ, ನೀರು ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಎಲೆ ಬೇಗ ಹಳದಿಯಾಗದಂತೆ ನೋಡಿಕೊಳ್ಳುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಂಬುದು ನಾವು ನುಂಗುವ ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ. ಕಷ್ಟ ಬಂದಾಗ ತಾಳಿಕೊಳ್ಳುವಂತೆ ಗಿಡವನ್ನು ಅದು ಸಜ್ಜುಗೊಳಿಸುತ್ತದೆ.

ಈ ಸುದ್ದಿಯನ್ನು ನಾವೇ ಮೊದಲು ಮುಟ್ಟಿಸಿದರೆ ಹೇಗೆ ಎಂಬುದೇ ವಿಜ್ಞಾನಿಗಳ ಯೋಚನೆ. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಜ್ಞಾನಿಗಳು ಅಬ್ಸಿಸಿಕ್ ಆಮ್ಲದಂತೆಯೇ ಕೆಲಸ ಮಾಡುವ ಓಪಾಬ್ಯಾಕ್ಟಿನ್ ಎಂಬ ರಾಸಾಯನಿಕ ತಯಾರಿಸಿ, ಗೋಧಿ ಮತ್ತು ಟೊಮೆಟೊ ಗಿಡಗಳ ಮೇಲೆ ಪ್ರಯೋಗಿಸಿ ತೋರಿಸಿದರು. ನಮ್ಮ ಪಕ್ಕದ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಎಲೆಯ ಮೇಲೆ ಬದುಕುವ ಗುಲಾಬಿ ಬಣ್ಣದ ಒಂದು ಬ್ಯಾಕ್ಟೀರಿಯಾವನ್ನು ದ್ರವರೂಪದಲ್ಲಿ ರೈತರಿಗೆ ಕೊಡುತ್ತಿದೆ. ಅದು ತಾನೇ ಸೈಟೊಕೈನಿನ್ ತಯಾರಿಸಿ ಗಿಡಕ್ಕೆ ಒದಗಿಸುತ್ತದೆ. ಇದೆಲ್ಲ ನಿಜವಾದ ವಿಜ್ಞಾನ, ಗಾಳಿಮಾತಲ್ಲ.

ಆದರೆ ಇದರ ಮಿತಿ ಏನೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ, ನಿಮಗೇ ಗೊತ್ತಿದೆ. ದನ ಬೆದೆಗೆ ಬರುತ್ತಿಲ್ಲ ಎಂದು ನನ್ನನ್ನು ಕರೆಸುತ್ತೀರಿ. ನಾನು ಹಾರ್ಮೋನು ಇಂಜೆಕ್ಷನ್ ಕೊಡುತ್ತೇನೆ. ಮೈಕೈ ತುಂಬಿಕೊಂಡ ಹಸು ಬೆದೆಗೆ ಬರುತ್ತದೆ. ಪಕ್ಕೆಲುಬು ಎಣಿಸುವಂತಿರುವ ಹಸುವಿಗೆ ಅದೇ ಇಂಜೆಕ್ಷನ್ ಕೊಟ್ಟರೆ ಬಹಳ ಸಲ ಏನೂ ಆಗುವುದಿಲ್ಲ. ಯಾಕೆಂದರೆ ಇಂಜೆಕ್ಷನ್ ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಆ ಕೆಲಸ ಮಾಡಲು ಬೇಕಾದ ಕಸುವು ಹಿಂಡಿಯಿಂದ, ಮೇವಿನಿಂದ, ಖನಿಜ ಮಿಶ್ರಣದಿಂದ ಬರಬೇಕು.

ಬೆಳೆಯದೂ ಇದೇ ಕಥೆ. ಮಣ್ಣಿನಲ್ಲಿ ಇನ್ನೂ ಸ್ವಲ್ಪ ಹಸಿ ಇದ್ದಾಗ, ಮಳೆ ಹತ್ತು-ಹದಿನೈದು ದಿನ ಕೈಕೊಟ್ಟಾಗ, ಸರಿಯಾದ ಹೊತ್ತಿಗೆ ಕೊಟ್ಟ ಹಾರ್ಮೋನು ಉಪಚಾರ ಬೆಳೆಗೆ ಒಂದಿಷ್ಟು ಉಸಿರು ಕೊಡಬಹುದು. ಮಣ್ಣೇ ಬಿರುಕು ಬಿಟ್ಟ ಮೇಲೆ ಯಾವ ಬಾಟಲಿಯೂ ನೀರು ಹುಟ್ಟಿಸುವುದಿಲ್ಲ. ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ಎಲೆಯ ಬಾಯಿ ಮುಚ್ಚಿದರೆ ನೀರು ಉಳಿಯುವುದು ನಿಜ. ಆದರೆ ಗಿಡ ಗಾಳಿಯಿಂದ ಆಹಾರ ಎಳೆದುಕೊಳ್ಳುವುದೂ ಅದೇ ಬಾಯಿಂದ. ಬಾಯಿ ಮುಚ್ಚಿದಷ್ಟು ದಿನ ಗಿಡ ಬೆಳೆಯುವುದು ನಿಧಾನವಾಗುತ್ತದೆ. ಜೀವ ಉಳಿಯಬಹುದು, ಸಪ್ಪೆ ತುಂಬುವುದಿಲ್ಲ.

ಕಾಳು ಅಳೆದವರು ಹುಲ್ಲು ಅಳೆಯಲಿಲ್ಲ

ಗೋಧಿಯ ಇತಿಹಾಸದಲ್ಲಿ ನಮಗೊಂದು ಪಾಠವಿದೆ. ಹಸಿರು ಕ್ರಾಂತಿಯ ಕಾಲದಲ್ಲಿ ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿ ತಳಿಗಳು ಮೆಕ್ಸಿಕೊದಿಂದ ನಮ್ಮ ದೇಶಕ್ಕೆ ಬಂದವು. ಅವು ಗಿಡ್ಡವಾಗಿದ್ದದ್ದೂ ಹಾರ್ಮೋನಿನ ಕಾರಣದಿಂದಲೇ. ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಮಾತನ್ನು ಆ ತಳಿಗಳು ಅಷ್ಟಾಗಿ ಕೇಳುವುದಿಲ್ಲ. ಯುರೋಪಿನಲ್ಲಿ ಇಂದಿಗೂ ಗೋಧಿ ಮಲಗದಿರಲಿ ಎಂದು ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕ ಸಿಂಪಡಿಸುತ್ತಾರೆ. ಅದು ಗಿಡದೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆದು ಕಾಂಡವನ್ನು ಗಿಡ್ಡ ಮಾಡುತ್ತದೆ.

ಕಾಳು ಹೆಚ್ಚಾಯಿತು, ದೇಶದ ಹಸಿವು ನೀಗಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಂಡ ಗಿಡ್ಡವಾದರೆ ಹುಲ್ಲು ಕಡಿಮೆ ಎಂಬುದನ್ನು ನಿಮ್ಮಂಥವರನ್ನು ಕೇಳಿದ್ದರೆ ಅಂದೇ ಹೇಳುತ್ತಿದ್ದಿರಿ. ಎತ್ತರದ ಹಳೆಯ ಭತ್ತ ಹೋಗಿ ಗಿಡ್ಡ ತಳಿ ಬಂದಾಗ ಬಣವೆ ಚಿಕ್ಕದಾಯಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿರಲಿಲ್ಲವೇ?

ಆದ್ದರಿಂದ ಯಾವುದೇ ಬೆಳೆ ಪ್ರಚೋದಕದ ಬಗ್ಗೆ "ಇಳುವರಿ ಎಷ್ಟು ಹೆಚ್ಚುತ್ತೆ?" ಎಂದು ಮನೆಯವರು ಕೇಳಿದರೆ, "ಸಪ್ಪೆ ಎಷ್ಟು ಬರುತ್ತೆ, ಅದನ್ನ ದನ ತಿನ್ನಬಹುದಾ?" ಎಂಬ ಎರಡನೇ ಪ್ರಶ್ನೆ ನಿಮ್ಮದಾಗಲಿ. ಈ ಪ್ರಶ್ನೆಗೆ ಉತ್ತರವಿಲ್ಲದ ಬಾಟಲಿ ಹಾಲಿನ ಮನೆಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹಸಿರಾಗಿ ಕಂಡದ್ದೆಲ್ಲ ಮೇವಲ್ಲ

2023ನ್ನು ನಾವ್ಯಾರೂ ಮರೆತಿಲ್ಲ. ಹವಾಮಾನ ಇಲಾಖೆ 1901ರಿಂದ ಇಟ್ಟಿರುವ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಕಡಿಮೆ ಮಳೆಯಾದ ಆಗಸ್ಟ್ ಬೇರೊಂದಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ಒಂದು ಸಂಜೆ ದಾವಣಗೆರೆ ಸಮೀಪದ ಹಳ್ಳಿಯಿಂದ ಫೋನ್ ಬಂತು. ಎರಡು ಹಸು ಒಟ್ಟಿಗೇ ಬಿದ್ದಿವೆ, ಬಾಯಲ್ಲಿ ನೊರೆ ಎಂದರು. ಹಾವು ಕಡಿದಿರಬೇಕು ಎಂದು ಅವರ ಅನುಮಾನ.

ನಾನು ಹೋಗುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದು ಏದುಸಿರು ಬಿಡುತ್ತಿತ್ತು. ಗೋದಲಿಯಲ್ಲಿ ಮೊಣಕಾಲೆತ್ತರದ ಎಳೆ ಜೋಳ ಬಿದ್ದಿತ್ತು. ಮಳೆಯಿಲ್ಲದೆ ಬಾಡಿದ್ದ ಹೊಲ, ಹೇಗೂ ಕೈಗೆ ಬರುವುದಿಲ್ಲ, ದನವಾದರೂ ತಿನ್ನಲಿ ಎಂದು ಕೊಯ್ದು ತಂದಿದ್ದರು. ಬಾಡಿದ ಎಳೆ ಜೋಳದಲ್ಲಿ ಹೈಡ್ರೋಸಯನಿಕ್ ಆಮ್ಲ ಎಂಬ ವಿಷ ಉಂಟಾಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಕೊಟ್ಟು ಎರಡನೆಯದನ್ನು ಉಳಿಸಿಕೊಂಡೆವು. ಸತ್ತದ್ದು ಕರೆಯುವ ಹಸು. ಆ ಮನೆಯ ತಾಯಿ ಅಳಲಿಲ್ಲ. "ನಾನೇ ಕೈಯಾರೆ ಹಾಕಿದೆನಲ್ಲವ್ವಾ" ಎಂದಷ್ಟೇ ಅಂದರು.

ತಪ್ಪು ಅವರದಲ್ಲ. ಅದೇ ಹಳ್ಳಿಯಲ್ಲಿ ಎರಡು ತಿಂಗಳ ಹಿಂದೆ ನಾನು ಸಭೆ ಮಾಡಿದ್ದೆ. ಕೆಚ್ಚಲು ಬಾವಿನ ಬಗ್ಗೆ, ಜಂತುಹುಳದ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೆ. ಬರ ಬರುವ ಲಕ್ಷಣ ಕಂಡರೂ ಬಾಡಿದ ಜೋಳದ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಅಂದಿನಿಂದ ಹೋದಲ್ಲೆಲ್ಲ ಅದನ್ನೇ ಮೊದಲು ಹೇಳುತ್ತೇನೆ.

ಬರ ತಡೆಯುವ ಬಾಟಲಿಯ ಮಾತಿನಲ್ಲಿ ಈ ಕಥೆ ಏಕೆ ಎಂದರೆ, ಔಷಧಿ ಹೊಡೆದ ಬೆಳೆ ಹಸಿರಾಗಿ ನಿಂತಿದೆ ಎಂದ ಮಾತ್ರಕ್ಕೆ ಅದರೊಳಗೆ ವಿಷವಿಲ್ಲ ಎಂದು ಅರ್ಥವಲ್ಲ. ನೀರಿನ ಕೊರತೆ ಕಂಡ ಬೆಳೆಯನ್ನು ಅನುಮಾನದಿಂದಲೇ ನೋಡಿ:

ಜೋಳವನ್ನು ಹೂ ಬಿಡುವ ಮೊದಲು, ಅದರಲ್ಲೂ ಬಾಡಿದಾಗ, ಹಸಿಯಾಗಿ ಹಾಕಬೇಡಿ. ಕೊಯ್ದ ಕೂಳೆಯಿಂದ ಮಳೆ ಬಂದ ಮೇಲೆ ಚಿಗುರುವ ಎಳೆ ಜೋಳ ಇನ್ನೂ ಅಪಾಯ. ದನಗಳನ್ನು ಆ ಹೊಲಕ್ಕೆ ಬಿಡಬೇಡಿ. ಚೆನ್ನಾಗಿ ಒಣಗಿಸಿದರೆ ಅಥವಾ ರಸಮೇವು ಮಾಡಿದರೆ ಈ ವಿಷ ಬಹಳಷ್ಟು ಇಳಿಯುತ್ತದೆ.

ಮೆಕ್ಕೆಜೋಳದಲ್ಲಿ ಆ ವಿಷದ ಭಯವಿಲ್ಲ. ಆದರೆ ಯೂರಿಯಾ ಹಾಕಿದ ಹೊಲ ಒಣಗಿದರೆ ಕಾಂಡದಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಅದು ಹೆಚ್ಚಾಗಿ ಇರುವುದು ಬುಡದ ಭಾಗದಲ್ಲಿ. ಹಾಗಾಗಿ ಒಂದು ಅಡಿ ಬುಡ ಬಿಟ್ಟು ಕೊಯ್ಯಿರಿ. ಬರದ ನಂತರ ಮೊದಲ ಮಳೆ ಬಿದ್ದ ಕೂಡಲೇ ಕೊಯ್ಯದೆ ಒಂದು ವಾರವಾದರೂ ಕಾಯಿರಿ. ನೈಟ್ರೇಟ್ ಒಣಗಿಸಿದರೂ ಹೋಗುವುದಿಲ್ಲ ಎಂಬುದು ನೆನಪಿರಲಿ. ಖಾಲಿ ಹೊಟ್ಟೆಯ ದನಕ್ಕೆ ಇಂಥ ಮೇವನ್ನು ಒಮ್ಮೆಲೇ ಹಾಕಬೇಡಿ. ಮೊದಲು ಒಣ ಹುಲ್ಲು ತಿನ್ನಿಸಿ.

ದನ ನೊರೆ ಬಿಟ್ಟು, ತೂರಾಡಿ, ಏದುಸಿರು ಬಿಟ್ಟರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಮೇವು ತೆಗೆದುಹಾಕಿ, ತಕ್ಷಣ ಪಶು ಆಸ್ಪತ್ರೆಗೋ 1962 ಸಂಖ್ಯೆಗೋ ಕರೆ ಮಾಡಿ. ಏನು ತಿಂದಿದೆ ಎಂದು ಮೊದಲೇ ಹೇಳಿದರೆ ಸರಿಯಾದ ಇಂಜೆಕ್ಷನ್ ಹಿಡಿದುಕೊಂಡೇ ಬರುತ್ತೇವೆ.

ಬಾಟಲಿ ತಂದಾಗಿದೆ, ಈಗೇನು?

ಆ ಅಕ್ಕನ ಪ್ರಶ್ನೆಗೆ ಅಂದು ನನ್ನ ಬಳಿ ಪೂರ್ತಿ ಉತ್ತರವಿರಲಿಲ್ಲ. ಈಗ ತಿಳಿದುಕೊಂಡು ಹೇಳುತ್ತಿದ್ದೇನೆ.

ಗಿಡದ ಹಾರ್ಮೋನು ಎಂದ ಕೂಡಲೇ ದನಕ್ಕೆ ಚುಚ್ಚುವ ಹಾರ್ಮೋನಿನಂತೆ ಎಂದು ಹೆದರಬೇಕಾಗಿಲ್ಲ. ದನ ದಿನವೂ ತಿನ್ನುವ ಹಸಿರು ಹುಲ್ಲಿನಲ್ಲೂ ಗಿಡದ ಹಾರ್ಮೋನುಗಳು ಇದ್ದೇ ಇರುತ್ತವೆ. ಹೆದರಬೇಕಾದ ಸಂಗತಿಗಳು ಬೇರೆ ಎರಡಿವೆ. ಒಂದು, ಬಾಟಲಿಯಲ್ಲಿ ಹೆಸರಿಗೆ ಹಾರ್ಮೋನು, ಒಳಗೆ ಇನ್ನೇನೋ ಇರುವುದು. ಇನ್ನೊಂದು, ಕೂಲಿ ಉಳಿಯಲಿ ಎಂದು ಅದೇ ಡಬ್ಬಿಯಲ್ಲಿ ಹುಳುವಿನ ಔಷಧಿಯನ್ನೂ ಬೆರೆಸಿ ಹೊಡೆಯುವುದು. 2018ರಲ್ಲಿ ಸೈನಿಕ ಹುಳು ನಮ್ಮ ಭಾಗದ ಮೆಕ್ಕೆಜೋಳಕ್ಕೆ ಬಿದ್ದ ಮೇಲೆ ಇದು ಹೆಚ್ಚಾಗಿದೆ. ಹುಳುವಿನ ಔಷಧಿ ಬಿದ್ದ ಎಲೆ ಮರುದಿನ ಗೋದಲಿಗೆ ಬಂದರೆ ದನಕ್ಕೂ ಕೇಡು, ಹಾಲಿಗೂ ಕೇಡು. ಆದ್ದರಿಂದ "ಏನು ಹೊಡೆದ್ರಿ?" ಎನ್ನುವುದರ ಜೊತೆಗೆ "ಏನು ಬೆರೆಸಿ ಹೊಡೆದ್ರಿ, ಯಾವತ್ತು ಹೊಡೆದ್ರಿ?" ಎಂದೂ ಕೇಳಿ. ಬಾಟಲಿಯ ಮೇಲೆ ಬರೆದಷ್ಟು ದಿನ ಆ ಹೊಲದ ಮೇವು ಮುಟ್ಟಬೇಡಿ. ದಿನಾಂಕವನ್ನು ಕೊಟ್ಟಿಗೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

2021ರಲ್ಲಿ ಕೇಂದ್ರ ಸರ್ಕಾರ ಬೆಳೆಯ ಜೈವಿಕ ಉತ್ತೇಜಕಗಳನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತಂದಿತು. ಗಿಡದ ಬೆಳವಣಿಗೆ ನಿಯಂತ್ರಿಸುವ ರಾಸಾಯನಿಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಅಂದರೆ ಬಾಟಲಿಯ ಮೇಲೆ ಒಳಗಿರುವುದರ ಹೆಸರು, ಪ್ರಮಾಣ, ಯಾವ ಬೆಳೆಗೆ, ತಯಾರಾದ ದಿನ ಎಲ್ಲ ಇರಬೇಕು. ಕೊಂಡ ರಸೀದಿ ಕೈಯಲ್ಲಿರಬೇಕು. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಗೆ ಕೊಡಿ. ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ.

ಮೊದಲ ರೂಪಾಯಿ ಎಲ್ಲಿಗೆ?

ನನ್ನ ಸ್ನೇಹಿತರಾದ ಕೃಷಿ ಪದವೀಧರರು ಈ ಮಾತಿಗೆ ಆಕ್ಷೇಪ ಎತ್ತುತ್ತಾರೆ. ಹೀಗೆ ಹೆದರಿಸಿದರೆ ರೈತರು ಹೊಸದನ್ನು ಮುಟ್ಟುವುದೇ ಇಲ್ಲ, ಬರ ಮಾತ್ರ ವರ್ಷದಿಂದ ವರ್ಷಕ್ಕೆ ಬರುತ್ತಲೇ ಇರುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ನಾನು ಹೊಸದನ್ನು ಬೇಡ ಎನ್ನುತ್ತಿಲ್ಲ. ಬಾಟಲಿಗೆ ಕೊಡುವ ದುಡ್ಡು ಬರುವುದು ಬಹಳ ಮನೆಗಳಲ್ಲಿ ಡೇರಿಯ ಬಟವಾಡೆಯಿಂದ. ಆ ದುಡ್ಡು ಯಾವ ಕ್ರಮದಲ್ಲಿ ಖರ್ಚಾಗಬೇಕು ಎಂಬುದಷ್ಟೇ ನನ್ನ ಮಾತು.

ಮೊದಲು ಮಣ್ಣು. ನಿಮ್ಮ ತಿಪ್ಪೆಯ ಕೊಟ್ಟಿಗೆ ಗೊಬ್ಬರ ಹೊಲದಲ್ಲಿ ನೀರು ಹಿಡಿದಿಡುತ್ತದೆ. ಅದನ್ನು ಮಾರಿ ಆ ದುಡ್ಡಿನಲ್ಲಿ ಬಾಟಲಿ ತರುವುದು ನಷ್ಟದ ವ್ಯಾಪಾರ. ಹೊತ್ತಿಗೆ ಸರಿಯಾಗಿ ಎಡೆ ಹೊಡೆದರೆ ಮಣ್ಣಿನ ಹಸಿ ಆರುವುದು ತಡವಾಗುತ್ತದೆ.

ಎರಡನೆಯದು ಬೀಜ. ಬಿತ್ತುವ ಮೊದಲು ಬೀಜವನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಅಂದರೆ ಲೀಟರ್ ನೀರಿಗೆ 20 ಗ್ರಾಂ, ನೆನೆಸಿ ನೆರಳಲ್ಲಿ ಆರಿಸುವ ಪದ್ಧತಿ ಹಿಂಗಾರಿ ಜೋಳದಲ್ಲಿ ಬಹಳ ಹಿಂದಿನದು. ಇದು ಹಾರ್ಮೋನಲ್ಲ, ಆದರೆ ಮೊಳಕೆಯ ಹಂತದಲ್ಲೇ ಗಿಡಕ್ಕೆ ಬರದ ಪಾಠ ಕಲಿಸಿದಂತೆ. ಖರ್ಚು ಕಡಿಮೆ, ಎಲೆಗೆ ಏನೂ ತಾಗುವುದಿಲ್ಲ, ಮೇವಿಗೂ ಭಯವಿಲ್ಲ. ಎಷ್ಟು ಹೊತ್ತು ನೆನೆಸಬೇಕು ಎಂಬುದು ಬೆಳೆಯಿಂದ ಬೆಳೆಗೆ ಬೇರೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಮಾಡಿ.

ಮೂರನೆಯದು ಮೇವಿನ ಪಾಲು. ಬರಲಿ ಬಿಡಲಿ, ಹೊಲದ ಒಂದು ಮೂಲೆ ಗೋದಲಿಗೇ ಮೀಸಲಿರಲಿ. ಅಲ್ಲಿ ಆಫ್ರಿಕನ್ ಟಾಲ್ ಮೆಕ್ಕೆಜೋಳದ ಜೊತೆ ಅಲಸಂದೆ ಹಾಕಿ. ಮಳೆ ಚೆನ್ನಾಗಿ ಆದ ವರ್ಷ ಚೀಲದಲ್ಲೋ ಗುಂಡಿಯಲ್ಲೋ ರಸಮೇವು ಮಾಡಿಟ್ಟರೆ ಮುಂದಿನ ಬೇಸಿಗೆಗೆ ಅದೇ ನಿಮ್ಮ ಉಳಿತಾಯ ಖಾತೆ.

ಇಷ್ಟೆಲ್ಲ ಆದ ಮೇಲೆ ನಾಲ್ಕನೆಯದು ಬಾಟಲಿ. ಮೆಕ್ಕೆಜೋಳ ಸೂಲಂಗಿ ಬಿಡುವ, ತೆನೆಗೆ ರೇಷ್ಮೆಯಂಥ ಎಳೆ ಬರುವ ಹೊತ್ತಿಗೆ ನೀರು ತಪ್ಪಿದರೆ ಕಾಳೇ ಕಟ್ಟುವುದಿಲ್ಲ. ಆ ಹಂತದಲ್ಲಿ ಮಳೆ ಕೈಕೊಡುವ ಸೂಚನೆ ಇದ್ದರೆ, ತಜ್ಞರು ಹೇಳಿದ ಉಪಚಾರವನ್ನು, ಗಿಡ ಬಾಡುವ ಮೊದಲೇ, ತಣ್ಣನೆ ಹೊತ್ತಿನಲ್ಲಿ ಮಾಡಿದರೆ ಅರ್ಥವಿದೆ. ಭದ್ರಾ ನಾಲೆಯ ಕೊನೆಭಾಗದವರು ನೀರು ಬರುವ ದಿನವನ್ನು ಕಾಯುತ್ತಿರುವಾಗ ಈ ಹತ್ತು ದಿನದ ಉಸಿರಿಗೂ ಬೆಲೆ ಇದೆ, ಗೊತ್ತು. ಅದು ಹತ್ತು ದಿನದ್ದು ಎಂದು ತಿಳಿದು ಕೊಂಡರೆ ಸಾಕು.

ನಮ್ಮ ಒಕ್ಕೂಟಕ್ಕೂ ಒಂದು ಮಾತು. ಪ್ರತಿ ಮುಂಗಾರಿಗೆ ಮೊದಲು ಮಹಿಳಾ ಸಂಘಗಳಲ್ಲಿ ಒಂದು ಸಭೆ ನಡೆಸಿ, ಕೃಷಿ ವಿಜ್ಞಾನ ಕೇಂದ್ರದವರನ್ನೂ ನಮ್ಮಂಥ ಪಶುವೈದ್ಯರನ್ನೂ ಒಟ್ಟಿಗೆ ಕೂರಿಸಲಿ. ಬೆಳೆಯ ಮಾತು ಒಬ್ಬರಲ್ಲಿ, ದನದ ಮಾತು ಇನ್ನೊಬ್ಬರಲ್ಲಿ ಎಂದು ಇಷ್ಟು ದಿನ ನಡೆದದ್ದು ಸಾಕು. ನಿಮ್ಮ ಮನೆಯಲ್ಲಿ ಹೊಲ, ಕೊಟ್ಟಿಗೆ ಎರಡೂ ಒಂದೇ ಸಂಸಾರ.

ಆ ಅಕ್ಕನ ಬಾಟಲಿಯನ್ನು ಅಂದು ನಾವಿಬ್ಬರೂ ಕೂತು ಓದಿದೆವು. ಒಳಗಿರುವುದರ ಹೆಸರೇ ಇರಲಿಲ್ಲ. "ಹಂಗಾದ್ರೆ ವಾಪಸ್ ಕೊಡಾಕೆ ನಾನೇ ಹೋಗ್ತೀನಿ ಬಿಡಿ ಮೇಡಂ" ಎಂದು ಎದ್ದರು. ಮುಂದಿನ ತಿಂಗಳು ಅದೇ ಊರಿಗೆ ಹೋದಾಗ ವಿಚಾರಿಸಿದೆ. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲವಂತೆ, ಬದಲಿಗೆ ಮೇವಿನ ಬೀಜ ಕೊಟ್ಟರಂತೆ. "ನಷ್ಟ ಏನಿಲ್ಲ ಬಿಡಿ" ಎಂದು ನಕ್ಕು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮೇವಿನ ಮೆಕ್ಕೆಜೋಳ ಸೊಂಟದ ಎತ್ತರ ಬಂದಿತ್ತು.

– ಪಶುವೈದ್ಯಾಧಿಕಾರಿ, ಹರಿಹರ